ಸಕ್ಕರೆ ಕಾಯಿಲೆಯನ್ನು ಓದಿದವರು ಕ್ಯಾನ್ಸರಿನತ್ತ ಹೊರಳುವುದೇಕೆ?

ಪ್ರಶ್ನೆ: ಜೀವರಸಾಯನ ವಿಜ್ಞಾನಿಯಾಗಿರುವ ನನ್ನ ಅಕ್ಕನ ಮಗಳು ಹಲವು ವರ್ಷ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡುವ ಬಗೆಯನ್ನು ಅಧ್ಯಯನ ಮಾಡಿದಳು. ಈಗ ಕ್ಯಾನ್ಸರಿಗೆ ಕಾರಣವಾಗುವ ಡಿಎನ್‌ಎ ಹಾನಿಯ ಕುರಿತು ಕೆಲಸ ಮಾಡುತ್ತಿದ್ದಾಳೆ. ಅಷ್ಟು ವರ್ಷದ ಓದನ್ನು ಬಿಟ್ಟುಕೊಟ್ಟಂತೆ ಆಗಲಿಲ್ಲವೆ?
– ವಿರಾಜಪೇಟೆಯ ಓದುಗರೊಬ್ಬರು

ಉತ್ತರ: ಅವರು ಏನನ್ನೂ ಬಿಟ್ಟುಕೊಟ್ಟಿಲ್ಲ. ಸಕ್ಕರೆ ಹೋಗಿ ಅಂಟಿಕೊಳ್ಳುವ ಜಾಗ ಬದಲಾಗಿದೆ, ಅಷ್ಟೆ.

ಕಣದಲ್ಲಿ ಒಣಗಿದ ಕಾಫಿ ಬೀಜವನ್ನು ಮನೆಯಲ್ಲೇ ಹುರಿಯುವವರು ಕೊಡಗಿನಲ್ಲಿ ಇಂದಿಗೂ ಇದ್ದಾರೆ. ಹುರಿದಾಗ ಬೀಜ ಕಂದುಬಣ್ಣಕ್ಕೆ ತಿರುಗಿ ಘಮ ಬರುವುದಕ್ಕೆ ಒಂದು ಮುಖ್ಯ ಕಾರಣವೆಂದರೆ, ಬೀಜದೊಳಗಿನ ಸಕ್ಕರೆಗಳು ಬಿಸಿಗೆ, ಪ್ರೋಟೀನುಗಳ ಬಿಡಿಭಾಗಗಳಾದ ಅಮೈನೊ ಆಮ್ಲಗಳೊಡನೆ ಕೂಡಿಕೊಳ್ಳುವುದು. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಬಾಣಲೆಯಲ್ಲಿ ಕೆಲವೇ ನಿಮಿಷಗಳಲ್ಲಿ ನಡೆಯುತ್ತದೆ. 37 ಡಿಗ್ರಿ ಬಿಸಿಯ ನಮ್ಮ ಮೈಯಲ್ಲಿ ಅದೇ ಕ್ರಿಯೆ ವಾರಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ.

1968ರಲ್ಲಿ ಟೆಹ್ರಾನಿನ ಸ್ಯಾಮ್ಯುಯೆಲ್ ರಾಹ್‌ಬರ್ ಅವರು ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ಗಮನಿಸಿದರು. ಗ್ಲುಕೋಸ್ ಅಂಟಿದ ಆ ಹಿಮೋಗ್ಲೋಬಿನ್ನನ್ನೇ ಇಂದು ಎಚ್‌ಬಿಎ1ಸಿ ಎಂಬ ಹೆಸರಿನಲ್ಲಿ ಅಳೆಯುತ್ತಾರೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ ಈ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಲೆಕ್ಕವನ್ನು ಹೇಳುತ್ತದೆ. ರಾಹ್‌ಬರ್ ಮುಂದೆ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಗೆ ಹೋಗಿ, ಸಕ್ಕರೆ ಹೀಗೆ ಅಂಟುವುದನ್ನು ತಡೆಯುವ ರಾಸಾಯನಿಕಗಳನ್ನು ಹುಡುಕಿದರು. ಆ ಸಂಸ್ಥೆಯಲ್ಲಿ ಕ್ಯಾನ್ಸರ್ ಮತ್ತು ಸಕ್ಕರೆ ಕಾಯಿಲೆ ಎರಡರ ಸಂಶೋಧನೆಯೂ ಒಂದೇ ಆವರಣದಲ್ಲಿ ನಡೆಯುತ್ತದೆ ಎಂಬುದು ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವೆಂದು ನನಗೆ ತೋರುತ್ತದೆ.

ಉಳಿದರ್ಧಕ್ಕೆ ಮೀಥೈಲ್‌ಗ್ಲೈಆಕ್ಸಾಲ್ ಎಂಬ ಪುಟ್ಟ ಅಣುವಿನ ಪರಿಚಯ ಬೇಕು. ಜೀವಕೋಶವು ಶಕ್ತಿಗಾಗಿ ಗ್ಲುಕೋಸನ್ನು ಒಡೆಯುವಾಗ ಉಪೋತ್ಪನ್ನವಾಗಿ ಹುಟ್ಟುವ ಈ ಅಣು, ಅಂಟಿಕೊಳ್ಳುವ ಗುಣದಲ್ಲಿ ಗ್ಲುಕೋಸಿಗಿಂತ ಎಷ್ಟೋ ಪಟ್ಟು ಚುರುಕು. ಗ್ಲೈಆಕ್ಸಲೇಸ್ ಕಿಣ್ವಗಳು ಇದನ್ನು ಆಗಿಂದಾಗ ತೊಡೆದುಹಾಕುತ್ತವೆಯಾದರೂ, ಸಕ್ಕರೆ ಏರಿದಾಗ ಹುಟ್ಟುವ ಪ್ರಮಾಣವೂ ಏರುತ್ತದೆ. ಮೂತ್ರಪಿಂಡದ ಸೋಸುಪೊರೆಯಲ್ಲಿರುವ ಕೊಲ್ಲಾಜೆನ್‌ನಂಥ ದೀರ್ಘಾಯುಷಿ ಪ್ರೋಟೀನುಗಳಿಗೆ ಇಂಥ ಅಣುಗಳು ಅಂಟಿ, ಎಳೆಗಳನ್ನು ಒಂದಕ್ಕೊಂದು ಬೆಸೆದು ಪೊರೆಯನ್ನು ಬಿರುಸಾಗಿಸುತ್ತವೆ. ನಿಮ್ಮ ಅಕ್ಕನ ಮಗಳು ಮೊದಲು ಓದಿದ ಹಾನಿಯಲ್ಲಿ ಇದೂ ಸೇರಿರಬೇಕು.

ಅದೇ ಅಣು ಡಿಎನ್‌ಎಯಲ್ಲಿರುವ ಗ್ವಾನೀನ್ ಎಂಬ ಅಕ್ಷರಕ್ಕೂ ಅಂಟುತ್ತದೆ. ಹಾಗೆ ರೂಪಗೆಟ್ಟ ಅಕ್ಷರವನ್ನು ಸರಿಪಡಿಸುವ ಮೊದಲೇ ಜೀವಕೋಶ ಇಬ್ಭಾಗವಾದರೆ ನಕಲಿನಲ್ಲಿ ತಪ್ಪು ಅಕ್ಷರ ಕೂರಬಹುದು. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನಿನಲ್ಲಿ ಆ ತಪ್ಪಾದರೆ ಅದು ಕ್ಯಾನ್ಸರಿನತ್ತ ಒಂದು ಹೆಜ್ಜೆ. ಇಂಥ ಹಾನಿಯನ್ನು ಕೋಶ ರಿಪೇರಿ ಮಾಡಿಕೊಳ್ಳುವ ಬಗೆಯನ್ನು ತೋರಿಸಿದ ಲಿಂಡಾಲ್, ಮಾಡ್ರಿಚ್ ಮತ್ತು ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಲಕ್ಷಾಂತರ ಸರಿಯಾದ ಅಣುಗಳ ನಡುವೆ ಕೆಟ್ಟ ಒಂದೆರಡನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎರಡೂ ಕೆಲಸಕ್ಕೆ ಒದಗುವುದರಿಂದ, ಪ್ರೋಟೀನಿನಲ್ಲಿ ಪಳಗಿದ ಕೈ ಡಿಎನ್‌ಎಗೂ ಸಲ್ಲುತ್ತದೆ.

ಕಾಫಿಯಲ್ಲೂ ಮೀಥೈಲ್‌ಗ್ಲೈಆಕ್ಸಾಲ್ ಇದೆ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳ ಮೇಲೆ ಅದರ ಪರಿಣಾಮವನ್ನು ತೋರಿಸಿದಾಗ ಆತಂಕ ಹುಟ್ಟಿದ್ದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಮನುಷ್ಯರ ಮೇಲಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಕಾಫಿ ಕ್ಯಾನ್ಸರ್ ತರುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದಿತು. ಅದು ಎಚ್ಚರಿಸಿದ್ದು 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯದ ಬಗ್ಗೆ. ಸಕ್ಕರೆ ಕಾಯಿಲೆಯವರು ಬೆಲ್ಲದ ಕಾಫಿಯಲ್ಲಿ ಅನುಮಾನಿಸಬೇಕಾದದ್ದು ಕಾಫಿಯನ್ನಲ್ಲ, ಬೆಲ್ಲವನ್ನು.

ಹಾಗಾದರೆ ಸಕ್ಕರೆ ಕಾಯಿಲೆಯವರಿಗೆಲ್ಲ ಕ್ಯಾನ್ಸರ್ ಬರುತ್ತದೆಯೆ ಎಂದರೆ, ಖಂಡಿತ ಇಲ್ಲ. ಎರಡನೇ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರುಗಳು ಹೆಚ್ಚಾಗಿ ಕಂಡುಬಂದಿವೆ. ಪ್ರಾಸ್ಟೇಟ್ ಕ್ಯಾನ್ಸರ್ ಮಾತ್ರ ಕಡಿಮೆ. ಡಿಎನ್‌ಎ ಹಾನಿಯೊಂದೇ ಕಾರಣವಾಗಿದ್ದರೆ ಈ ವ್ಯತ್ಯಾಸ ಇರಬೇಕಾಗಿರಲಿಲ್ಲ. ಬೊಜ್ಜು ಇದೆ, ಕೋಶಗಳ ಬೆಳವಣಿಗೆಯನ್ನು ಉತ್ತೇಜಿಸುವ ಇನ್ಸುಲಿನ್ನಿನ ಏರಿಕೆಯೂ ಇದೆ. ಇವುಗಳ ನಡುವೆ ಸಕ್ಕರೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ಅಳೆಯಲು, ಮೂತ್ರಪಿಂಡದಲ್ಲಿ ಅದರ ಕೆಲಸವನ್ನು ವರ್ಷಗಟ್ಟಲೆ ಕಂಡವರಿಗಿಂತ ತಕ್ಕವರು ವಿರಳ.