ಟೆಸ್ಟೋಸ್ಟಿರೋನ್ ಚಿಕಿತ್ಸೆಯಲ್ಲಿ ಈಸ್ಟ್ರೋಜನ್: ಮೊದಲು ಇಂಜೆಕ್ಷನ್ ತಾರೀಕು ಕೇಳಿ

ಹೆಣ್ಣಿನ ಹಾರ್ಮೋನ್ ಅನ್ನುವ ಈಸ್ಟ್ರೋಜನ್ ಗಂಡಸರ ಮೈಯಲ್ಲೂ ಇರುತ್ತದೆ, ಇರಲೇಬೇಕು. ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನಿನ ಒಂದು ಪಾಲನ್ನು ಎಸ್ಟ್ರಾಡಿಯೋಲ್ (ಮುಖ್ಯ ಈಸ್ಟ್ರೋಜನ್) ಆಗಿ ಬದಲಿಸುತ್ತದೆ. ಈ ಕೆಲಸ ವೃಷಣದಲ್ಲಿ ಸ್ವಲ್ಪ, ಬೊಜ್ಜು, ಸ್ನಾಯು, ಎಲುಬುಗಳಲ್ಲಿ ಜಾಸ್ತಿ. ಹಾಗಾಗಿ ಹೊರಗಿನಿಂದ ಟೆಸ್ಟೋಸ್ಟಿರೋನ್ ಕೊಟ್ಟರೆ ಎಸ್ಟ್ರಾಡಿಯೋಲೂ ಏರುತ್ತದೆ. ಹೊಟ್ಟೆ ಬೊಜ್ಜು ಇದ್ದವರಲ್ಲಿ ಇನ್ನೂ ಏರಬಹುದು. ಅಷ್ಟಕ್ಕೇ ಅದನ್ನು ಕಾಯಿಲೆ ಅನ್ನಬೇಡಿ.

ಈಸ್ಟ್ರೋಜನ್ ಕೆಲಸ ಮಾಡದಿದ್ದರೆ ಏನಾಗುತ್ತದೆ? 1994ರಲ್ಲಿ 28 ವರ್ಷದ ಒಬ್ಬ ಗಂಡಸಿನ ವಿವರ ಪ್ರಕಟವಾಯಿತು. ಅವರಲ್ಲಿ ಟೆಸ್ಟೋಸ್ಟಿರೋನ್ ಸರಿಯಾಗಿಯೇ ಇತ್ತು. ಜೀವಕೋಶದಲ್ಲಿ ಈಸ್ಟ್ರೋಜನ್ನನ್ನು ಹಿಡಿದುಕೊಳ್ಳುವ ಗ್ರಾಹಕ (ರಿಸೆಪ್ಟರ್) ಮಾತ್ರ ಕೆಟ್ಟಿತ್ತು. ಆ ವಯಸ್ಸಿನಲ್ಲೂ ಎಲುಬಿನ ತುದಿಗಳು ಕೂಡಿರಲಿಲ್ಲ, ಎತ್ತರ ಬೆಳೆಯುತ್ತಲೇ ಇದ್ದರು, ಎಲುಬಿನ ಸಾಂದ್ರತೆ ತೀರಾ ಕಡಿಮೆ ಇತ್ತು. 2013ರ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರಿಗೆ ಟೆಸ್ಟೋಸ್ಟಿರೋನ್ ಕೊಟ್ಟು, ಕೆಲವರಲ್ಲಿ ಅರೋಮಟೇಸ್ ತಡೆದರು. ತಡೆದವರಲ್ಲಿ ಕೊಬ್ಬು ಏರಿತು, ಲೈಂಗಿಕ ಆಸಕ್ತಿ ಹೆಚ್ಚು ಕುಗ್ಗಿತು. ಸ್ನಾಯು ಬಲಕ್ಕೆ ಟೆಸ್ಟೋಸ್ಟಿರೋನ್, ಕೊಬ್ಬಿನ ಹತೋಟಿಗೆ ಈಸ್ಟ್ರೋಜನ್, ಆಸಕ್ತಿಗೆ ಎರಡೂ ಬೇಕು ಅಂತ ನೆನಪಿಡಿ.

ಇನ್ನು ರಿಪೋರ್ಟ್ ಓದುವ ವಿಚಾರ. ಹಾವೇರಿಯಿಂದ ಒಬ್ಬರು ಹುಬ್ಬಳ್ಳಿಗೆ ಬರುತ್ತಾರೆ ಅಂದುಕೊಳ್ಳಿ. ಎರಡು ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಇನಂಥೇಟ್ ಇಂಜೆಕ್ಷನ್. ಪದೇ ಪದೇ ಬರಲು ಆಗುವುದಿಲ್ಲ, ಅದಕ್ಕೆ ಬಂದ ದಿನವೇ ಇಂಜೆಕ್ಷನ್ನೂ ಆಗಲಿ, ರಕ್ತ ಪರೀಕ್ಷೆಯೂ ಆಗಲಿ ಅನ್ನುತ್ತಾರೆ. ಇಂಜೆಕ್ಷನ್ನಿಗೆ ಮುಂಚೆ ರಕ್ತ ಕೊಟ್ಟರೆ ಎರಡೂ ಹಾರ್ಮೋನ್ ತಳದಲ್ಲಿರುತ್ತವೆ. ಉಳಿದುಕೊಂಡು ಎರಡು ದಿನ ಬಿಟ್ಟು ಕೊಟ್ಟರೆ ಎರಡೂ ತುದಿಯಲ್ಲಿರುತ್ತವೆ. ಮನುಷ್ಯ ಅವರೇ, ಡೋಸೂ ಅದೇ, ಅಂಕಿ ಮಾತ್ರ ಬೇರೆ! ಎರಡು ಇಂಜೆಕ್ಷನ್ನಿನ ಸರಿ ಮಧ್ಯದ ದಿನ, ಅಂದರೆ ಇಂಜೆಕ್ಷನ್ ಆಗಿ ಒಂದು ವಾರಕ್ಕೆ, ಹಾವೇರಿಯಲ್ಲೇ ರಕ್ತ ಕೊಟ್ಟು ರಿಪೋರ್ಟ್ ತರುವುದು ಒಳ್ಳೆಯದು. ಗಂಡಸರಲ್ಲಿ ಎಸ್ಟ್ರಾಡಿಯೋಲ್ ಮಟ್ಟ ಕಡಿಮೆ ಇರುವುದರಿಂದ ಲ್ಯಾಬಿನ ಸಾಮಾನ್ಯ ಪರೀಕ್ಷಾ ವಿಧಾನವಾದ ಇಮ್ಯುನೊಅಸ್ಸೇ ತಪ್ಪು ಹೇಳಬಹುದು. ಅಣುವಿನ ತೂಕ ಅಳೆದು ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿ ಹೆಚ್ಚು ನಂಬಿಕೆಗೆ ಅರ್ಹ.

ಈಸ್ಟ್ರೋಜನ್ ಹೆಚ್ಚಾಗಿ ನಿಜಕ್ಕೂ ತೊಂದರೆ ಇದೆಯಾ ಅಂತ ರೋಗಿಯನ್ನೇ ಕೇಳಿ. ಎದೆಯ ತೊಟ್ಟಿನ ಕೆಳಗೆ ಗಂಟು, ಮುಟ್ಟಿದರೆ ನೋವು, ಇದು ಮುಖ್ಯ ಲಕ್ಷಣ. ಗಂಡಸರು ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ, ಜೊತೆಗೆ ಬಂದವರ ಮುಂದೆ ಕೇಳಿದರೆ ಹೇಳುವುದೇ ಇಲ್ಲ. ದಯವಿಟ್ಟು ಒಬ್ಬರನ್ನೇ ಕೂರಿಸಿ ಕೇಳಿ. ಗಂಟು ಹಳೆಯದಾಗಿ ಗಟ್ಟಿಯಾದರೆ ಮಾತ್ರೆಗೆ ಕರಗುವುದು ಕಷ್ಟ, ಆಪರೇಷನ್ನೇ ಬೇಕಾಗಬಹುದು.

ಲಕ್ಷಣ ಇದ್ದರೆ ವೈದ್ಯರು ಮೊದಲು ಮುಟ್ಟಬೇಕಾದದ್ದು ಡೋಸನ್ನು. ಎರಡು ವಾರಕ್ಕೆ 200ರ ಬದಲು ವಾರಕ್ಕೆ 100 ಕೊಟ್ಟರೆ ಒಟ್ಟು ಅಷ್ಟೇ, ಏರಿಳಿತ ಮಾತ್ರ ಕಡಿಮೆ. ಟೆಸ್ಟೋಸ್ಟಿರೋನೇ ಮಿತಿ ಮೀರಿದ್ದರೆ ಡೋಸ್ ಇಳಿಸಬೇಕು. ತೂಕ ಇಳಿದರೂ ಅನುಕೂಲ.

ಸುಮ್ನೆ ಮುಂಜಾಗ್ರತೆಗೆ ಅಂತ ಅರೋಮಟೇಸ್ ತಡೆಯುವ ಅನಾಸ್ಟ್ರೊಜೋಲ್ ಮಾತ್ರೆ ನುಂಗುವುದನ್ನು ನಾನು ಒಪ್ಪುವುದಿಲ್ಲ. ಅದು ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಔಷಧಿ. ಗಂಡಸರಲ್ಲಿ ಎಸ್ಟ್ರಾಡಿಯೋಲ್ ತೀರಾ ಇಳಿಸಿದರೆ ಕೀಲು ನೋವು, ಆಸಕ್ತಿ ಕುಗ್ಗುವುದು, ಬರಬರುತ್ತಾ ಎಲುಬು ಸವೆಯುವುದು, ಎಲ್ಲಾ ಬರಬಹುದು. ಜಿಮ್ ಗೆಳೆಯರ ಮಾತು ಕೇಳಿ ಯಾರಾದರೂ ಮೆಡಿಕಲ್ ಶಾಪಿಗೆ ಬಂದರೆ ಚೀಟಿ ಇಲ್ಲದೆ ಕೊಡಬೇಡಿ.

ರಕ್ತ ತೆಗೆಯುವಾಗ ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕೂಡ ನೋಡಿಸಿ. 54 ಶೇಕಡಾ ದಾಟಿದರೆ ಚಿಕಿತ್ಸೆ ನಿಲ್ಲಿಸಿ ಕಾರಣ ಹುಡುಕಬೇಕು. ಸದ್ಯದಲ್ಲೇ ಮಕ್ಕಳು ಬೇಕು ಅನ್ನುವವರಿಗೆ ಟೆಸ್ಟೋಸ್ಟಿರೋನ್ ಶುರು ಮಾಡುವಂತಿಲ್ಲ, ವೀರ್ಯಾಣು ಉತ್ಪತ್ತಿಯೇ ಕುಗ್ಗುತ್ತದೆ.