ನುಸಿಗೆ ‘ಇನ್ನೂ ಸ್ಟ್ರಾಂಗ್’ ಔಷಧ ಯಾವುದು?

ಪ್ರಶ್ನೆ: ಮೂಸಂಬಿ ಎಲೆಗಳೆಲ್ಲ ಬೂದಿ ಬಡಿದಂತಾಗಿವೆ. ಎರಡು ಸಲ ಕೀಟನಾಶಕ ಹೊಡೆದೆ, ನುಸಿ ಇನ್ನೂ ಜಾಸ್ತಿಯಾಯಿತು. ಇದಕ್ಕಿಂತ ಸ್ಟ್ರಾಂಗ್ ಔಷಧ ಯಾವುದಿದೆ?

ಉತ್ತರ: ಬಿಸಿಲು ಏರಿತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಮತ್ತೊಮ್ಮೆ ಹೇಳುತ್ತೇನೆ: ಔಷಧಕ್ಕೆ ಶಕ್ತಿ ಸಾಲದೆ ನುಸಿ ಉಳಿದದ್ದಲ್ಲ. ಬಹುಪಾಲು ತೋಟಗಳಲ್ಲಿ ನುಸಿಯನ್ನು ಹೆಚ್ಚಿಸಿದ್ದೇ ಆ ಔಷಧ.

ನುಸಿ ಕೀಟವಲ್ಲ. ಬೆಳೆದ ಕೆಂಪು ನುಸಿಗೆ ಎಂಟು ಕಾಲು; ಅದು ಜೇಡ, ಉಣ್ಣೆಗಳ ಬಳಗ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸಾಯುವುದು ಯಾರು? ಅದೇ ಎಲೆಯಡಿ ನುಸಿಯನ್ನು ಹಿಡಿದು ಹೀರುತ್ತಿದ್ದ ಪರಭಕ್ಷಕ ನುಸಿ, ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಗುಲಗಂಜಿ ಹುಳು ಸ್ಟೆಥೋರಸ್. ಕಾವಲುಗಾರರನ್ನು ಕೊಂದು ಕಳ್ಳನನ್ನು ಬಿಟ್ಟಂತಾಯಿತು. ಬಿಸಿಲಿನಲ್ಲಿ ನುಸಿಯ ಮೊಟ್ಟೆ ಹತ್ತು-ಹನ್ನೆರಡು ದಿನಕ್ಕೇ ಮೊಟ್ಟೆಯಿಡುವ ತಾಯಿಯಾಗುತ್ತದೆ.

ಹಾಗಾದರೆ ನುಸಿನಾಶಕವನ್ನೇ ಡಬಲ್ ಡೋಸ್ ಹೊಡೆದರೆ? ಬೇಡ. ಗಂಡು ನುಸಿ ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅದಕ್ಕೆ ಪ್ರತಿ ವರ್ಣತಂತುವಿನ ಒಂದೇ ಪ್ರತಿ ಇರುವುದರಿಂದ ಔಷಧ ತಡೆಯುವ ಗುಣ ಅಡಗಿ ಕೂರುವುದಿಲ್ಲ. ತಡೆದುಕೊಂಡದ್ದು ಉಳಿದು ತನ್ನಂಥವನ್ನೇ ಹುಟ್ಟಿಸುತ್ತದೆ. ಬ್ರ್ಯಾಂಡ್ ಬದಲಿಸಿದರೂ ಒಳಗಿನ ರಾಸಾಯನಿಕ ಒಂದೇ ಗುಂಪಿನದಾದರೆ ಬದಲಿಸಿದಂತಾಗಲಿಲ್ಲ. ಇನ್ನೊಂದು ಎಡವಟ್ಟು: ಹೆಕ್ಸಿಥಿಯಾಝಾಕ್ಸ್ ಎಂಬ ನುಸಿನಾಶಕ ಮೊಟ್ಟೆ-ಮರಿಗಳಿಗೆ ಮಾತ್ರ ಮದ್ದು. ಮೂರನೇ ದಿನ ದೊಡ್ಡ ನುಸಿ ಓಡಾಡುವುದನ್ನು ನೋಡಿ ‘ಫೇಲಾಯ್ತು’ ಎಂದು ಮತ್ತೊಂದು ಹೊಡೆಯುತ್ತಾರೆ!

ಮೊದಲು ನೋಡಿ, ಆಮೇಲೆ ಪಂಪು ಹೊರಿ. ತೋಟದಲ್ಲಿ ಚದುರಿದ ಹತ್ತು ಮರಗಳಿಂದ ಹತ್ತತ್ತು ಎಲೆ ಕಿತ್ತು, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಎರಡೂ ಬದಿ ನೋಡಿ. ಕೆಂಪಗಿದ್ದು ನಿಧಾನ ತೆವಳುವುದು ಪೀಡೆ. ತೆಳು ಬಣ್ಣದ, ಹೊಳೆಯುವ, ಹನಿಯಾಕಾರದ, ಸರಸರ ಓಡುವುದು ಮಿತ್ರ. ಎರಡನ್ನೂ ಎಣಿಸಿ ಬರೆದಿಟ್ಟು ವಾರದ ಮೇಲೆ ಮತ್ತೆ ಎಣಿಸಿ. ಮಿತ್ರ ಏರುತ್ತಾ ಪೀಡೆ ನಿಂತಿದ್ದರೆ ಕೈಕಟ್ಟಿ ಕೂರುವುದೂ ಕೆಲಸವೇ.

ಪೀಡೆಯೇ ಏರುತ್ತಿದ್ದರೆ ತೋಟಗಾರಿಕೆ ಎಣ್ಣೆ (ಗಿಡಕ್ಕೆ ಹೊಡೆಯಲೆಂದೇ ತಯಾರಿಸಿದ ಖನಿಜ ತೈಲ), ಲೀಟರ್ ನೀರಿಗೆ 10 ಮಿ.ಲೀ. ಅದು ವಿಷವಲ್ಲ, ಉಸಿರು ಕಟ್ಟಿಸುತ್ತದೆ. ಹಾಗಾಗಿ ಎಲೆಯಡಿ ನೆನೆಯದಿದ್ದರೆ ಹೊಡೆದೂ ವ್ಯರ್ಥ. ಹಿಂದಿನ ದಿನವೇ ನೀರು ಕೊಡಿ, ಬಾಡಿದ ಮರಕ್ಕೆ ಎಣ್ಣೆ ತಾಗಿಸಬೇಡಿ. ಗಂಧಕ ಹೊಡೆದಿದ್ದರೆ ಮೂರು ವಾರವಾದರೂ ಅಂತರವಿರಲಿ, ಇಲ್ಲವಾದರೆ ಎಲೆ ಸುಡುತ್ತದೆ. ನುಸಿನಾಶಕ ಕೊನೆಯದು: ಲೇಬಲ್ಲಿನ ಪ್ರಮಾಣದಲ್ಲಿ, ಒಂದು ಗುಂಪು ಹಂಗಾಮಿಗೆ ಒಂದೇ ಸಲ.

ದಾರಿ ಬದಿಯ ಸಾಲಿಗೇ ಮೊದಲು ನುಸಿ ಹತ್ತುವುದು ಧೂಳಿನಿಂದ. ದಾರಿಗೆ ನೀರು ಚಿಮುಕಿಸಿ. ಸಾಲಿನ ನಡುವಿನ ಹುಲ್ಲನ್ನು ಬೋಳಿಸಬೇಡಿ, ಅದರ ಪರಾಗ ಹಲವು ಮಿತ್ರನುಸಿಗಳಿಗೆ ಊಟ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಕಾಯಿ ಕಂದಾಗುವುದು ಬೇರೆ ನುಸಿಯಿಂದ. ತುಕ್ಕು ನುಸಿಗೆ ನಾಲ್ಕೇ ಕಾಲು, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಅದಕ್ಕೆ ನೀರಲ್ಲಿ ಕರಗುವ ಶೇ. 80 ಗಂಧಕ ಲೀಟರಿಗೆ 3 ಗ್ರಾಂ, 32 ಡಿಗ್ರಿ ಮೀರಿದ ಬಿಸಿಲಲ್ಲಿ ಮಾತ್ರ ಬೇಡ. ಪದೇ ಪದೇ ತಾಮ್ರದ ಶಿಲೀಂಧ್ರನಾಶಕ ಹೊಡೆದರೆ ಈ ನುಸಿಯನ್ನು ಕೊಲ್ಲುವ ಹಿರ್ಸುಟೆಲ್ಲಾ ಬೂಷ್ಟೂ ಸಾಯುತ್ತದೆ. ಇನ್ನು, ಕಂದು ಕಂಡ ಮೇಲೆ ಹೊಡೆದರೆ ಕಲೆ ಅಳಿಯುವುದಿಲ್ಲ; ನುಸಿ ಅಷ್ಟರಲ್ಲಿ ಆ ಕಾಯಿ ಬಿಟ್ಟು ಹೋಗಿರುವುದೇ ಹೆಚ್ಚು. ಮಸೂರ ಹಿಡಿಯಬೇಕಾದದ್ದು ಕಾಯಿ ಹಸಿರಾಗಿರುವಾಗ.