ರೇಡರ್‌ನ ಉಸಿರು, ಟೆಂಪೊದ ಕಿಟಕಿ

ಮಳೆಗಾಲದ ಒಂದು ಬೆಳಿಗ್ಗೆ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೊರಟ ಟೆಂಪೊವನ್ನು ಕಣ್ಣಮುಂದೆ ತಂದುಕೊಳ್ಳಿ. ಹನ್ನೆರಡು ಜನ ಕೂರುವ ಗಾಡಿಯಲ್ಲಿ ಕಬಡ್ಡಿ ಹುಡುಗರು, ಥ್ರೋಬಾಲ್ ಹುಡುಗಿಯರು, ಪಿ.ಟಿ. ಮೇಷ್ಟ್ರು, ಚೆಂಡಿನ ಚೀಲ, ಚಿತ್ರಾನ್ನದ ಡಬ್ಬಿ ಎಲ್ಲವೂ ತುಂಬಿಕೊಂಡಿವೆ. ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದೆ. ದಾರಿಯುದ್ದಕ್ಕೂ ಹಾಡು, ಕೂಗಾಟ. ಒಬ್ಬ ಹುಡುಗನ ಗಂಟಲಲ್ಲಿ ಇದುವರೆಗೆ ಯಾರೂ ಹೆಸರಿಡದ ವೈರಸ್ಸೊಂದು ಬಂದು ಕೂತಿದೆ ಎಂದಿಟ್ಟುಕೊಳ್ಳಿ. ಸಂಜೆಯೊಳಗೆ ಅದು ಉಳಿದವರಿಗೆ ಎಲ್ಲಿ ದಾಟುತ್ತದೆ? ಕೇಳಿದರೆ ಬಹಳ ಮಂದಿ ‘ಕಬಡ್ಡಿ ಅಂಕಣದಲ್ಲಿ, ಮೈಗೆ ಮೈ ತಾಗುತ್ತಲ್ಲ’ ಎನ್ನುತ್ತಾರೆ. ಉಸಿರಿನ ಲೆಕ್ಕ ಹಾಕಿದವರು ಮಾತ್ರ ಮೊದಲು ಟೆಂಪೊ ಕಡೆ ಬೆರಳು ತೋರಿಸುತ್ತಾರೆ.

ಹೊಸ ರೋಗ ಬಂದಾಗ ಮೊದಲು ಬಾಗಿಲು ಹಾಕಿಕೊಳ್ಳುವುದು ಶಾಲೆ, ಅದರ ಜೊತೆಗೇ ಶಾಲೆಯ ಆಟ. 2009ರ ಏಪ್ರಿಲ್‌ನಲ್ಲಿ ಎಚ್1ಎನ್1 ಜ್ವರ ಅಮೆರಿಕದ ಟೆಕ್ಸಸ್‌ಗೆ ಬಂದಾಗ ಅಲ್ಲಿನ ಶಾಲಾ ಕ್ರೀಡೆಗಳನ್ನು ನಡೆಸುವ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಏಪ್ರಿಲ್ 29ರಂದು ಇಡೀ ರಾಜ್ಯದ ಪಂದ್ಯಗಳನ್ನು ಮೇ 11ರವರೆಗೆ ನಿಲ್ಲಿಸಿಬಿಟ್ಟಿತು. ಬೇಸ್‌ಬಾಲ್, ಸಾಫ್ಟ್‌ಬಾಲ್, ಓಟ, ಎಲ್ಲದಕ್ಕೂ ಅದು ಋತುವಿನ ಕೊನೆಯ ಘಟ್ಟ. ಅದೇ ವಾರ ಅಮೆರಿಕದ ರೋಗನಿಯಂತ್ರಣ ಕೇಂದ್ರವಾದ ಸಿಡಿಸಿ, ರೋಗಿ ಕಂಡ ಶಾಲೆಯನ್ನು ಎರಡು ವಾರ ಮುಚ್ಚಿ ಎಂದಿತು. ನಾಲ್ಕೈದು ದಿನದಲ್ಲೇ ಆ ಸಲಹೆಯನ್ನು ಹಿಂದಕ್ಕೆ ಪಡೆಯಿತು, ಏಕೆಂದರೆ ರೋಗ ಅಂದುಕೊಂಡಷ್ಟು ತೀವ್ರವಲ್ಲವೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಇದನ್ನು ಎಡವಟ್ಟು ಎಂದು ನಾನು ಕರೆಯುವುದಿಲ್ಲ. ಗೊತ್ತಿಲ್ಲದ ವೈರಸ್ಸಿನೆದುರು ಮೊದಲು ಮುಚ್ಚಿ ಆಮೇಲೆ ನೋಡುವುದು ಸರಿಯೇ. ಆದರೆ ಗೊತ್ತಾದ ಮೇಲೆ ತೆರೆಯಬೇಕು, ಅದೂ ಯಾವುದನ್ನು ತೆರೆಯಬೇಕೋ ಅದನ್ನು. ಕೋವಿಡ್ ಕಾಲದಲ್ಲಿ ನಾವು ಸೋತದ್ದು ಅಲ್ಲಿ.

ಸುಮ್ಮನೆ ಕೂತಾಗ ದೊಡ್ಡವರೊಬ್ಬರು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಒಳಗೆಳೆದು ಹೊರಬಿಡುತ್ತಾರೆ. ಜೀವ ಬಿಟ್ಟು ಓಡುವಾಗ ಅದು 100 ಲೀಟರ್ ದಾಟುತ್ತದೆ. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಗೊತ್ತಲ್ಲ? ಅಂಥ ಐದು ಕ್ಯಾನ್ ಗಾಳಿ, ಒಂದೇ ನಿಮಿಷದಲ್ಲಿ. ಇಷ್ಟೇ ಆಗಿದ್ದರೆ ಅಪಾಯ ಹನ್ನೆರಡು ಪಟ್ಟು ಹೆಚ್ಚಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಗಾಳಿಯ ಜೊತೆ ಹೊರಬರುವ ಸೂಕ್ಷ್ಮ ಹನಿಗಳ ಸಂಖ್ಯೆ ಅದೇ ಲೆಕ್ಕದಲ್ಲಿ ಏರುವುದಿಲ್ಲ, ಚಿಮ್ಮುತ್ತದೆ. ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು 16 ಆರೋಗ್ಯವಂತರನ್ನು ಸೈಕಲ್ ತುಳಿಸಿ ಎಣಿಸಿದರು. ವಿರಾಮದಲ್ಲಿ ನಿಮಿಷಕ್ಕೆ ಸರಾಸರಿ 580 ಕಣಗಳು. ಸುಸ್ತಾಗಿ ಇನ್ನು ಆಗದು ಎನ್ನುವ ಹೊತ್ತಿಗೆ 76,000. ಸುಮಾರು 130 ಪಟ್ಟು! 2022ರಲ್ಲಿ ಪ್ರಕಟವಾದ ಈ ಅಂಕಿಯನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸದೆ ಬಹಳ ಹೊತ್ತು ಕೂತಿದ್ದೆ.

ಕಾರಣ ಶ್ವಾಸಕೋಶದ ತಳದಲ್ಲಿದೆ. ಅಲ್ಲಿನ ಸಣ್ಣ ನಾಳಗಳು ಉಸಿರು ಬಿಟ್ಟಾಗ ಒದ್ದೆ ಬಟ್ಟೆಯ ಪದರಗಳಂತೆ ಅಂಟಿಕೊಳ್ಳುತ್ತವೆ, ಎಳೆದಾಗ ಬಿಟ್ಟುಕೊಳ್ಳುತ್ತವೆ. ಮಧ್ಯದ ತೇವದ ಪೊರೆ ಸೋಪಿನ ಗುಳ್ಳೆಯಂತೆ ಒಡೆದು ಹನಿಗಳಾಗುತ್ತದೆ. ಜೋರಾಗಿ ಉಸಿರಾಡಿದಷ್ಟೂ ಹೆಚ್ಚು ನಾಳಗಳು ಮುಚ್ಚಿ ತೆರೆಯುತ್ತವೆ, ಹೆಚ್ಚು ಗುಳ್ಳೆಗಳು ಒಡೆಯುತ್ತವೆ. ಇದಕ್ಕೆ ದನಿ ಸೇರಿದರೆ ಮತ್ತೊಂದು ಪಾಲು. ಮಾತು ಗಟ್ಟಿಯಾದಂತೆ ಕಣಗಳೂ ಹೆಚ್ಚುತ್ತವೆ. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಮೂವತ್ತು ಸೆಕೆಂಡು ಎದುರಾಳಿಗಳ ನಡುವೆ ಸುಳಿದಾಡುವ ರೇಡರ್ ಈ ಎರಡನ್ನೂ ಒಟ್ಟಿಗೆ ಮಾಡುತ್ತಿರುತ್ತಾನೆ.

ಇನ್ನು ಎದುರಿಗಿದ್ದವನ ಕಡೆ ನೋಡಿ. ಅವನೂ ಏದುಸಿರು ಬಿಡುತ್ತಿದ್ದಾನೆ, ಅಂದರೆ ಅವನು ಒಳಗೆಳೆಯುವ ಗಾಳಿಯೂ ಹನ್ನೆರಡು ಪಟ್ಟು. ಬಿಡುವವನದು 130, ಎಳೆಯುವವನದು 12. ಇವು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಇಬ್ಬರು ಸುಮ್ಮನೆ ಕೂತ ಕೋಣೆಗಿಂತ ಇಬ್ಬರು ಕಸರತ್ತು ಮಾಡುವ ಅದೇ ಕೋಣೆಯಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ ದಾಟುವ ಕಣಗಳು ಸಾವಿರದೈನೂರು ಪಟ್ಟಿನವರೆಗೂ ಹೋಗಬಹುದು. ಇದು ನನ್ನ ಸ್ಥೂಲ ಲೆಕ್ಕ. ಎಲ್ಲ ಹನಿಯಲ್ಲೂ ವೈರಸ್ ಇರುವುದಿಲ್ಲ, ಎಲ್ಲರ ಉಸಿರೂ ಒಂದೇ ಅಲ್ಲ. ಆದರೂ ಗುಣಾಕಾರದ ದಿಕ್ಕು ತಪ್ಪಲ್ಲ.

ಹಾಗಾದರೆ ಮೈದಾನವೇ ಅಪಾಯದ ಜಾಗವಾಯಿತಲ್ಲ ಎನ್ನುತ್ತೀರಿ. ಇಲ್ಲ. ಮೇಲಿನ ಲೆಕ್ಕದಲ್ಲಿ ‘ಕೋಣೆ’ ಎಂಬ ಮಾತನ್ನು ಮತ್ತೊಮ್ಮೆ ಓದಿ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದರೆ ಇಡೀ ಮನೆ ಕೆಮ್ಮುತ್ತದೆ. ಅದೇ ಬಾಣಲೆಯನ್ನು ಹಿತ್ತಲಿನಲ್ಲಿ ಇಟ್ಟು ಸೀಯಿಸಿದರೆ ಪಕ್ಕದಲ್ಲಿ ನಿಂತವನಷ್ಟೇ ಕಣ್ಣೊರೆಸಿಕೊಳ್ಳುತ್ತಾನೆ. ಘಾಟು ಅಷ್ಟೇ, ಬೆರೆಯಲು ಸಿಕ್ಕ ಗಾಳಿ ಬೇರೆ. ಇನ್ನೊಂದು ರೀತಿ ಹೇಳುತ್ತೇನೆ. ಕಣದಲ್ಲಿ ರಾಗಿ ತೂರುವಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಹೋಗುತ್ತದೆ. ನಮ್ಮ ಬಾಯಿಂದ ಬರುವುದರಲ್ಲೂ ಕಾಳು, ಹೊಟ್ಟು ಎರಡೂ ಇವೆ. 100 ಮೈಕ್ರಾನಿನ ಹನಿ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಐದಾರು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 5 ಮೈಕ್ರಾನಿನದು ಆಳೆತ್ತರದಿಂದ ಇಳಿಯಲು ಅರ್ಧ ಗಂಟೆಗೂ ಹೆಚ್ಚು ಬೇಕು. 1 ಮೈಕ್ರಾನಿನದು ಅಲುಗದ ಗಾಳಿಯಲ್ಲಿ ಅರ್ಧ ದಿನ ತೇಲುತ್ತದೆ. ಬಯಲಿನಲ್ಲಿ ಹೊಟ್ಟು ಹಾರಿಹೋಗುತ್ತದೆ, ಮುಚ್ಚಿದ ಟೆಂಪೊದಲ್ಲಿ ಅಲ್ಲೇ ಸುತ್ತುತ್ತದೆ.

ಈ ವಿಷಯ ಹೊಸದಲ್ಲ ಎಂಬುದೇ ನನ್ನನ್ನು ಕಾಡುವುದು. ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲೇ, ಬಾಯಿಂದ ಚಿಮ್ಮಿದ ಸಣ್ಣ ಹನಿ ಬೀಳುವ ಮೊದಲೇ ಒಣಗಿ ಅದರ ತಿರುಳು ಗಾಳಿಯಲ್ಲಿ ಉಳಿಯುತ್ತದೆಂದು ಬರೆದಿದ್ದರು. ಅವರೂ ಅವರ ಪತ್ನಿ, ವೈದ್ಯೆ ಮಿಲ್ಡ್ರೆಡ್ ವೆಲ್ಸ್ ಅವರೂ ಫಿಲಡೆಲ್ಫಿಯಾ ಸುತ್ತಿನ ಶಾಲೆಗಳ ತರಗತಿಗಳಲ್ಲಿ ಗಾಳಿಯನ್ನು ಶುದ್ಧಗೊಳಿಸುವ ಅತಿನೇರಳೆ ದೀಪಗಳನ್ನು ಹಾಕಿಸಿದರು. 1941ರಲ್ಲಿ ದಡಾರ ಹಬ್ಬಿದಾಗ ದೀಪವಿದ್ದ ತರಗತಿಗಳಲ್ಲಿ ಅದು ಎದ್ದು ಕಾಣುವಷ್ಟು ಕಡಿಮೆಯಿತ್ತು. ಶಾಲಾಮಕ್ಕಳ ನಡುವೆಯೇ ನಡೆದ ಈ ಕೆಲಸವನ್ನು ವೈದ್ಯಲೋಕ ಮೂಲೆಗೆ ಸರಿಸಿತು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಸಾರಿದ್ದು ಇದೇ ಮರೆವಿನ ಫಲ. ಅದನ್ನು ನಂಬಿ ನಾವು ಬೆಂಚು ಒರೆಸಿದೆವು, ಚೆಂಡಿಗೆ ಔಷಧಿ ಸಿಂಪಡಿಸಿದೆವು. ಕಿಟಕಿಗಳನ್ನು ಮಾತ್ರ ಮುಚ್ಚಿಯೇ ಇಟ್ಟೆವು.

ಸಾಕ್ಷ್ಯ ಆಗಲೇ ಕಣ್ಣೆದುರಿಗಿತ್ತು. ದಕ್ಷಿಣ ಕೊರಿಯಾದ ಚೊನಾನ್‌ನಲ್ಲಿ 2020ರ ಫೆಬ್ರುವರಿಯಲ್ಲಿ ಕುಣಿತದ ವ್ಯಾಯಾಮ ಕಲಿಸುವ ಶಿಕ್ಷಕರು ಒಂದು ಕಾರ್ಯಾಗಾರಕ್ಕೆ ಸೇರಿದ್ದರು. ಅಲ್ಲಿಂದ ಹೊರಟ ಸೋಂಕು ಮಾರ್ಚ್ 9ರ ವೇಳೆಗೆ 12 ವ್ಯಾಯಾಮ ಕೇಂದ್ರಗಳ ಮೂಲಕ 112 ಜನರನ್ನು ಮುಟ್ಟಿತು. ಅದೇ ಸೋಂಕು ತಗುಲಿದ ಶಿಕ್ಷಕಿಯೊಬ್ಬರು ಅಂಥ ಕೇಂದ್ರವೊಂದರಲ್ಲೇ ಯೋಗ, ಪಿಲಾಟಿಸ್ ಎಂಬ ನಿಧಾನಗತಿಯ ವ್ಯಾಯಾಮ ಹೇಳಿಕೊಟ್ಟಿದ್ದರು. ಅವರ ಶಿಷ್ಯರಲ್ಲಿ ಒಬ್ಬರಿಗೂ ಬರಲಿಲ್ಲ. ಕೇಂದ್ರ ಬೇರೆಯಾಗಿರಲಿಲ್ಲ, ಉಸಿರಿನ ವೇಗ ಬೇರೆಯಾಗಿತ್ತು. ಜೂನ್ 16ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಳಾಂಗಣದ ಒಂದು ಐಸ್ ಹಾಕಿ ಪಂದ್ಯವಾದ ಮೇಲೆ 22 ಆಟಗಾರರಲ್ಲಿ 14 ಮಂದಿ ಮಲಗಿದರು. ಇತ್ತ ಇಂಗ್ಲೆಂಡಿನಲ್ಲಿ ಸೋಂಕಿದ್ದ ಎಂಟು ಆಟಗಾರರು ಗೊತ್ತಿಲ್ಲದೆ ನಾಲ್ಕು ರಗ್ಬಿ ಲೀಗ್ ಪಂದ್ಯಗಳಲ್ಲಿ ಆಡಿದ್ದರು. ನಮ್ಮ ಕಬಡ್ಡಿಯಂತೆಯೇ ಹಿಡಿದು ಕೆಡವುವ ಆಟ ಅದು, ಆದರೆ ಬಯಲಿನದು. ವಿಡಿಯೊದಲ್ಲಿ ಒಂದೊಂದು ಹಿಡಿತವನ್ನೂ ಅಳೆದು ನೋಡಿದ ತಜ್ಞರು, ಆಟದಿಂದ ಸೋಂಕು ಹರಡಿದ್ದಕ್ಕೆ ಆಧಾರ ಕಾಣಲಿಲ್ಲ ಎಂದರು. ಒಂದೇ ಕಾರಿನಲ್ಲಿ ಹೋದದ್ದು, ಆಟದ ಹೊರಗೆ ಕೂಡಿ ಕಾಲ ಕಳೆದದ್ದು, ಇವೇ ಅವರಿಗೆ ಸಿಕ್ಕ ಕಾರಣಗಳು.

ಎಲ್ಲ ವೈರಸ್ಸಿಗೂ ಉಸಿರೇ ದಾರಿಯಲ್ಲ, ಇದನ್ನೂ ಹೇಳಲೇಬೇಕು. 1989ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಪ್ರೌಢಶಾಲೆಯ ಕುಸ್ತಿಪಟುಗಳ ಶಿಬಿರದಲ್ಲಿ 175 ಹುಡುಗರ ಪೈಕಿ 60 ಮಂದಿಗೆ ಹರ್ಪಿಸ್ ಗುಳ್ಳೆ ಎದ್ದಿತ್ತು. ಅಲ್ಲಿ ದಾರಿ ಚರ್ಮ. ಅದೇ ರಾಜ್ಯದಲ್ಲಿ 2007ರಲ್ಲಿ ಮತ್ತೆ ಕಾಣಿಸಿಕೊಂಡಾಗ ಶಾಲಾ ಕುಸ್ತಿಯನ್ನಷ್ಟೇ ಎಂಟು ದಿನ ನಿಲ್ಲಿಸಿದರು. ಬೇರೆ ಆಟಗಳು ನಡೆದವು. ನಮ್ಮ ಗರಡಿಮನೆಗಳಿಗೂ ಹೊಂದುವ ಪಾಠ ಇದು. 2010ರಲ್ಲಿ ಅಮೆರಿಕದ ಆರೆಗಾನ್‌ ರಾಜ್ಯದ ಬಾಲಕಿಯರ ಸಾಕರ್ ತಂಡವೊಂದು ಪಕ್ಕದ ರಾಜ್ಯಕ್ಕೆ ಪಂದ್ಯಾವಳಿಗೆ ಹೋಗಿತ್ತು. ಒಬ್ಬ ಹುಡುಗಿ ಹೋಟೆಲಿನ ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. ತಂಡದ ತಿಂಡಿ ಚೀಲ ಅದೇ ಬಚ್ಚಲಲ್ಲಿತ್ತು. ಮಾರನೆಯ ದಿನ ಆ ಚೀಲದ ಬಿಸ್ಕತ್ತು, ದ್ರಾಕ್ಷಿ ತಿಂದವರಿಗೆ ವಾಂತಿಭೇದಿ ತರುವ ನೋರೊವೈರಸ್ ಹತ್ತಿತು. ಅವಳು ಅವರ್ಯಾರನ್ನೂ ಮುಟ್ಟಿರಲಿಲ್ಲ. ಇನ್ನು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಮಲೆನಾಡಿನ ಶಾಲೆಯೊಂದು ಆಗ ನಿಲ್ಲಿಸಬೇಕಾದದ್ದು ಕಾಡಂಚಿನ ಓಟದ ಸ್ಪರ್ಧೆಯನ್ನು, ಶಾಲೆಯಂಗಳದ ಖೋಖೋವನ್ನಲ್ಲ.

ದಾರಿ ಯಾವುದೆಂದು ತಿಳಿಯದವರು ಕರ್ಪೂರ, ಏಲಕ್ಕಿಯ ಪೊಟ್ಟಣವನ್ನು ಮಕ್ಕಳ ಕೊರಳಿಗೆ ಕಟ್ಟುತ್ತಾರೆ. ಅದಕ್ಕಿಂತ ನನ್ನನ್ನು ಹೆದರಿಸುವುದು ಇನ್ನೊಂದು ನಂಬಿಕೆ. ನನ್ನ ತಂಗಿಯ ಮಗನಿಗೆ ಜ್ವರ ಬಂದಾಗ ಅವನ ತರಬೇತುದಾರರು ಫೋನ್ ಮಾಡಿ, ‘ಅಕ್ಕಾ, ಕಳಿಸಿ. ನಾಲ್ಕು ರೌಂಡ್ ಓಡಿ ಬೆವರು ಹರಿದ್ರೆ ಜ್ವರ ತಾನೇ ಇಳಿಯುತ್ತೆ’ ಎಂದರು. ‘ಬೇಡ ಸಾರ್, ವಾರ ಬಿಟ್ಟು ಕಳಿಸ್ತೀನಿ’ ಎಂದು ತಂಗಿ ಗಟ್ಟಿಯಾಗಿ ಹೇಳಿದಳು, ಒಳ್ಳೆಯದೇ ಆಯಿತು. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೆ ಉರಿಯೂತ ತರುತ್ತವೆ. ಕಾಕ್ಸಾಕಿ ವೈರಸ್ ತಗುಲಿದ ಇಲಿಗಳನ್ನು ಈಜಿಸಿದ ಹಳೆಯ ಪ್ರಯೋಗಗಳಲ್ಲಿ, ವಿಶ್ರಾಂತಿಯಲ್ಲಿದ್ದ ಇಲಿಗಳಿಗಿಂತ ಈಜಿದವುಗಳ ಹೃದಯದಲ್ಲಿ ವೈರಸ್ ಬಹಳ ಹೆಚ್ಚಿತ್ತು, ಸತ್ತವೂ ಹೆಚ್ಚು. ಎಳೆಯ ಕ್ರೀಡಾಪಟುಗಳು ಮೈದಾನದಲ್ಲಿ ಹಠಾತ್ತನೆ ಕುಸಿದು ಸಾಯುವುದಕ್ಕೆ ಇಂಥ ಉರಿಯೂತವೂ ಒಂದು ಕಾರಣ. ಜ್ವರವಿರುವ ಮಗುವನ್ನು ಓಡಿಸಬೇಡಿ. ಜ್ವರ ಬಿಟ್ಟ ಮೇಲೂ ಮೊದಲು ನಡಿಗೆ, ಆಮೇಲೆ ಓಟ. ಎದೆನೋವು, ಏದುಸಿರು, ತಲೆಸುತ್ತು ಕಂಡರೆ ಆಟ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಿರಿ.

ಶಾಲಾ ಕ್ರೀಡೆ ಬೇಗ ಮುರಿದುಬೀಳುವುದಕ್ಕೆ ಅದರ ರಚನೆಯೂ ಕಾರಣ. ಹೋಬಳಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕು ಗೆದ್ದವರು ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಕೆಳಗಿನ ಒಂದು ಮೆಟ್ಟಿಲು ಕಿತ್ತರೆ ಮೇಲಿನದಕ್ಕೆ ಹತ್ತುವವರೇ ಇಲ್ಲ. ತಂಡಗಳೂ ಚಿಕ್ಕವು. 2022ರ ಜನವರಿಯಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ 19 ವರ್ಷದೊಳಗಿನವರ ಕ್ರಿಕೆಟ್ ವಿಶ್ವಕಪ್‌ನಲ್ಲಿ ನಾಯಕ, ಉಪನಾಯಕ ಸೇರಿ ಆರು ಮಂದಿ ಭಾರತೀಯರು ಕೋವಿಡ್‌ನಿಂದ ಐರ್ಲೆಂಡ್ ಪಂದ್ಯ ತಪ್ಪಿಸಿಕೊಂಡಾಗ ಆಡಲು ಉಳಿದವರು ಸರಿಯಾಗಿ ಹನ್ನೊಂದೇ ಜನ. ಅವರು ಗೆದ್ದರು, ಕಪ್ಪನ್ನೂ ತಂದರು. ಹಳ್ಳಿ ಶಾಲೆಯ ಹನ್ನೆರಡು ಮಕ್ಕಳ ಕಬಡ್ಡಿ ತಂಡದಲ್ಲಿ ಆರು ಮಂದಿ ಮಲಗಿದರೆ ಅಂಕಣದಲ್ಲಿ ನಿಲ್ಲಬೇಕಾದ ಏಳು ಜನರೂ ಇರುವುದಿಲ್ಲ.

ದೊಡ್ಡವರ ಕ್ರೀಡೆಯನ್ನು ಮುಂದೂಡಬಹುದು. ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ತಡವಾಯಿತು, ನೀರಜ್ ಚೋಪ್ರಾ ಒಂದು ವರ್ಷ ತಡವಾಗಿ ಚಿನ್ನ ಗೆದ್ದರು. ಮಕ್ಕಳ ಕ್ರೀಡೆ ವಯಸ್ಸಿನ ಗೆರೆಯ ಮೇಲೆ ನಿಂತಿದೆ, ಆ ಗೆರೆ ಯಾರಿಗೂ ಕಾಯುವುದಿಲ್ಲ. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟ ಮರುದಿನ, 2020ರ ಮಾರ್ಚ್ 13ರಂದು, ಕರ್ನಾಟಕ ಸರ್ಕಾರ ಬೇಸಿಗೆ ಶಿಬಿರ, ಕ್ರೀಡಾಕೂಟಗಳೆಲ್ಲಕ್ಕೂ ಒಂದು ವಾರದ ತಡೆ ಹಾಕಿತು. ಆ ವಾರ ಎಷ್ಟು ಉದ್ದವಾಯಿತೆಂದು ನಮಗೆಲ್ಲ ಗೊತ್ತು. 2020ರ ಜನವರಿಯಲ್ಲಿ ಗುವಾಹಟಿಯಲ್ಲಿ ಮುಗಿದ ಖೇಲೊ ಇಂಡಿಯಾ ಯುವ ಕ್ರೀಡಾಕೂಟ ಮತ್ತೆ ನಡೆದದ್ದು 2022ರ ಜೂನ್‌ನಲ್ಲಿ, ಹರಿಯಾಣದಲ್ಲಿ. 2022ಕ್ಕೆ ಸೆನೆಗಲ್ ದೇಶದ ಡಕಾರ್‌ನಲ್ಲಿ ಆಗಬೇಕಿದ್ದ ಯುವ ಒಲಿಂಪಿಕ್ಸ್ 2026ಕ್ಕೆ ಹೋಯಿತು. 2022ರಲ್ಲಿ ಹದಿನೇಳಾಗಿದ್ದವರಿಗೆ 2026ರಲ್ಲಿ ಇಪ್ಪತ್ತೊಂದು.

17 ವರ್ಷದೊಳಗಿನ ಬಾಲಕಿಯರ ಫುಟ್‌ಬಾಲ್ ವಿಶ್ವಕಪ್ 2020ರ ನವೆಂಬರ್‌ನಲ್ಲಿ ಭಾರತದಲ್ಲಿ ನಡೆಯಬೇಕಿತ್ತು. ಆತಿಥೇಯ ದೇಶವಾದ್ದರಿಂದ ನಮ್ಮ ಹುಡುಗಿಯರಿಗೆ ಅರ್ಹತಾ ಸುತ್ತೂ ಇಲ್ಲದೆ ಜಾಗ ಸಿಕ್ಕಿತ್ತು. 2003ರಲ್ಲಿ, ಅದರ ನಂತರ ಹುಟ್ಟಿದವರಿಗೆ ಅವಕಾಶ. ಮೊದಲು 2021ಕ್ಕೆ ಮುಂದೂಡಿದರು, ಆಮೇಲೆ ರದ್ದು ಮಾಡಿ 2022ರ ಕೂಟವನ್ನು ಭಾರತಕ್ಕೆ ಕೊಟ್ಟರು. ಅದರ ವಯೋಮಿತಿ 2005ರಿಂದ. ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತ ಅಮೆರಿಕದ ಎದುರು ಮೊದಲ ಪಂದ್ಯಕ್ಕೆ ಇಳಿದಾಗ, ಮೊದಲ ವಿಶ್ವಕಪ್ಪಿಗೆಂದು ಬೆವರು ಸುರಿಸಿದ್ದ 2003, 2004ರ ಹುಡುಗಿಯರಿಗೆ ಹತ್ತೊಂಬತ್ತು, ಹದಿನೆಂಟು ತುಂಬುತ್ತಿತ್ತು. ಅವರಲ್ಲಿ ಒಬ್ಬಳೂ ಆ ಹುಲ್ಲಿನ ಮೇಲೆ ಕಾಲಿಡುವಂತಿರಲಿಲ್ಲ.